ನಿಷೇಧವಾದ ಆ ಈಜುಡುಗೆಯಲ್ಲಿ ಅಂಥದ್ದೇನಿತ್ತು? 11 ವರ್ಷದ ಮಗಳಿಗೆ ಟೆಕ್ ಸೂಟ್ ಕೊಡಿಸಬೇಕಾ?

ನೀವು ಕೇಳಿರೋದು ಎರಡು ಪ್ರಶ್ನೆ. 2009ರಲ್ಲಿ ಅಷ್ಟು ಗಲಾಟೆ ಎಬ್ಬಿಸಿದ ಈಜುಡುಗೆಯಲ್ಲಿ ಏನಿತ್ತು ಅನ್ನೋದು ಒಂದು. ಜೊತೆಯ ಮಕ್ಕಳೆಲ್ಲ ಟೆಕ್ ಸೂಟ್ (ಸ್ಪರ್ಧೆಗೆಂದೇ ಮಾಡಿದ ಬಿಗಿಯಾದ ಈಜುಡುಗೆ) ಹಾಕ್ತಿದ್ದಾರೆ, ನಮ್ಮ ಹುಡುಗಿಗೂ ಬೇಕಾ ಅನ್ನೋದು ಇನ್ನೊಂದು. ಹಾಸನದಲ್ಲಿ ಬೆಳಗಿನ ಹೊತ್ತು ಮಕ್ಕಳಿಗೆ ಈಜು ಹೇಳಿಕೊಡುತ್ತೇನೆ. ಎರಡನೆಯದಕ್ಕೆ ಮೊದಲೇ ಹೇಳಿಬಿಡ್ತೀನಿ: ಈಗ ಬೇಡ.

ನಾನು ಈಜು ಕಲಿತದ್ದು ಶಾಂತಿಗ್ರಾಮದ ಹತ್ತಿರ ಮಾವನ ತೋಟದ ಬಾವಿಯಲ್ಲಿ. ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿ ಮಾವ ನೀರಿಗೆ ಬಿಡೋರು. ಬುರುಡೆ ಇದ್ದಷ್ಟು ದಿನ ಸೊಂಟ ತಾನಾಗೇ ಮೇಲೆ ನಿಲ್ಲುತ್ತಿತ್ತು, ಕಾಲು ಹೇಗೆ ಬಡಿದರೂ ಮುಂದೆ ಹೋಗ್ತಿದ್ದೆ. ಬಿಚ್ಚಿದ ದಿನ ನಾಲ್ಕು ಮಾರು ಹೋಗೋಷ್ಟರಲ್ಲಿ ಕಾಲು ಕೆಳಗೆ ಜಗ್ಗಿತು, ಮೂಗಿಗೆಲ್ಲ ನೀರು. ಆ ಉಡುಗೆಗಳ ವಿಷಯ ಬಂದಾಗಲೆಲ್ಲ ನನಗೆ ಆ ಬುರುಡೆಯೇ ನೆನಪಾಗುತ್ತೆ.

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಈಜುವವರ ಶಕ್ತಿಯೆಲ್ಲ ಆ ತಡೆಯನ್ನು ಸೀಳೋದಕ್ಕೇ ಹೋಗುತ್ತೆ. 2008ರ ಫೆಬ್ರವರಿಯಲ್ಲಿ ಸ್ಪೀಡೊ ಕಂಪನಿ ಎಲ್‌ಝಡ್‌ಆರ್ ರೇಸರ್ ತಂದಿತು. ಅದರ ಬಟ್ಟೆಯನ್ನು ನಾಸಾದ ಗಾಳಿ ಸುರಂಗದಲ್ಲಿ ಪರೀಕ್ಷೆ ಮಾಡಿದ್ದರು. ದಾರದ ಹೊಲಿಗೆ ಬದಲು ಅಲ್ಟ್ರಾಸೌಂಡ್ ಬೆಸುಗೆ, ಮೈಮೇಲೆ ಅಲ್ಲಲ್ಲಿ ಪಾಲಿಯುರೆಥೇನ್ ಅನ್ನೋ ರಬ್ಬರಿನಂಥ ಪ್ಲಾಸ್ಟಿಕ್‌ನ ಪಟ್ಟಿಗಳು. ಹೊಟ್ಟೆ, ತೊಡೆಯನ್ನೆಲ್ಲ ಬಿಗಿದು ದೇಹವನ್ನೇ ನುಣುಪಾದ ಕೊಳವೆ ಮಾಡುತ್ತಿತ್ತು. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಈಜಿನಲ್ಲಿ ಬಂದ 25 ವಿಶ್ವದಾಖಲೆಗಳಲ್ಲಿ 23 ಇದನ್ನು ತೊಟ್ಟವರದ್ದು. ಮರುವರ್ಷ ಜೇಕ್ಡ್, ಅರೀನಾದಂಥ ಕಂಪನಿಗಳು ಇಡೀ ಉಡುಗೆಯನ್ನೇ ಪಾಲಿಯುರೆಥೇನ್‌ನಲ್ಲಿ ಮಾಡಿದವು. ಇವು ನೀರು ಕುಡಿಯಲ್ಲ, ಒಳಗೆ ಗಾಳಿ ಹಿಡಿದಿಟ್ಟುಕೊಳ್ಳುತ್ತವೆ. ಕೊನೆಯ 50 ಮೀಟರಿನಲ್ಲಿ ಸುಸ್ತಾಗಿ ಸೊಂಟ ಇಳಿಯೋ ಹೊತ್ತಿಗೆ ಎತ್ತಿ ಹಿಡಿಯೋದು ಉಡುಗೆ. ಬುರುಡೆ ಮಾಡುತ್ತಿದ್ದದ್ದೂ ಅದನ್ನೇ ಅಲ್ಲವಾ?

2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 43 ವಿಶ್ವದಾಖಲೆ ಬಿದ್ದವು. ಜರ್ಮನಿಯ ಪೌಲ್ ಬೀಡರ್‌ಮನ್ ಬೀಜಿಂಗ್‌ನಲ್ಲಿ 200 ಮೀಟರ್ ಫ್ರೀಸ್ಟೈಲನ್ನು 1:46.00ರಲ್ಲಿ ಈಜಿ ಐದನೆಯವರಾಗಿದ್ದರು. ಒಂದೇ ವರ್ಷದಲ್ಲಿ 1:42.00ಕ್ಕೆ ಇಳಿದು ಮೈಕೆಲ್ ಫೆಲ್ಪ್ಸ್ ಅವರನ್ನು ಸೋಲಿಸಿದರು. ಈಜಿನಲ್ಲಿ ಅರ್ಧ ಸೆಕೆಂಡ್ ಕಡಿಮೆ ಮಾಡೋಕೆ ವರ್ಷಗಟ್ಟಲೆ ಬೆವರು ಹರಿಸಬೇಕು, ಇಲ್ಲಿ ಪೂರ್ತಿ ನಾಲ್ಕು ಸೆಕೆಂಡ್! ಉಡುಗೆಯಿಂದ ವ್ಯತ್ಯಾಸ ಆಗುತ್ತೆ ಅಂತ ಬೀಡರ್‌ಮನ್ ಅವರೇ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಅವರ ಬಗ್ಗೆ ನನಗೆ ಗೌರವ ಹೆಚ್ಚಾದದ್ದು ಅದಕ್ಕೇ.

ಕನ್ನಡಕ, ಆಳದ ಕೊಳ, ಅಲೆ ತಗ್ಗಿಸುವ ಲೇನ್ ಹಗ್ಗ ಇವೂ ತಂತ್ರಜ್ಞಾನವೇ ತಾನೆ ಅಂತ ಕೆಲವರು ವಾದಿಸ್ತಾರೆ. ಕೊಳ, ಹಗ್ಗ ಎಂಟೂ ಲೇನಿನವರಿಗೆ ಒಂದೇ. ಕನ್ನಡಕ ತೇಲಿಸೋದಿಲ್ಲ. ಉಡುಗೆ ಹಾಗಲ್ಲ, ಯಾವ ಕಂಪನಿ ಜೊತೆ ಒಪ್ಪಂದ ಇದೆ ಅನ್ನೋದರ ಮೇಲೆ ಪದಕ ನಿಂತುಬಿಟ್ಟಿತ್ತು. 2010ರ ಜನವರಿ 1ರಿಂದ ಬಟ್ಟೆಯದ್ದು ಮಾತ್ರ, ಝಿಪ್ ಇಲ್ಲ, ಗಂಡಸರಿಗೆ ಹೊಕ್ಕುಳಿಂದ ಮಂಡಿವರೆಗೆ, ಹೆಂಗಸರಿಗೆ ಭುಜದಿಂದ ಮಂಡಿವರೆಗೆ ಅಂತ ಅಂತರರಾಷ್ಟ್ರೀಯ ಈಜು ಒಕ್ಕೂಟ ಫಿನಾ ನಿಯಮ ತಂದದ್ದು ನೂರಕ್ಕೆ ನೂರು ಸರಿ. ಹಳೆಯ ದಾಖಲೆಗಳನ್ನು ಮಾತ್ರ ಹಾಗೇ ಉಳಿಸಿಕೊಂಡರು. ಬ್ರೆಜಿಲ್‌ನ ಸೀಸರ್ ಸಿಯೆಲೊ ರೋಮ್‌ನಲ್ಲಿ ಬರೆದ 100 ಮೀಟರ್ ಫ್ರೀಸ್ಟೈಲಿನ 46.91 ಸೆಕೆಂಡ್ ದಾಖಲೆ ಮುರಿಯೋಕೆ 13 ವರ್ಷ ಬೇಕಾಯಿತು. 2022ರಲ್ಲಿ ಅದೇ ರೋಮ್‌ನಲ್ಲಿ ಮುರಿದದ್ದು ರೊಮೇನಿಯಾದ 17ರ ಹುಡುಗ ಡೇವಿಡ್ ಪೊಪೊವಿಚಿ, 46.86. ಬರೀ ಬಟ್ಟೆಯ ಉಡುಗೆಯಲ್ಲಿ. ಆ ಸುದ್ದಿ ಓದಿದ ದಿನ ಮಕ್ಕಳನ್ನೆಲ್ಲ ಕೊಳದ ದಂಡೆಯಲ್ಲಿ ಕೂರಿಸಿಕೊಂಡು ಹೇಳಿದ್ದೆ.

ಇನ್ನು ನಿಮ್ಮ ಮಗಳ ವಿಷಯ. ಈಗ ಸಿಗುವ ಟೆಕ್ ಸೂಟ್‌ಗಳು ನಿಯಮದೊಳಗಿನವೇ. ಆದರೂ ಒಂದು ಸ್ಪರ್ಧೆಯಲ್ಲಿ ನಾನೇ ನೋಡಿದ್ದು ಹೇಳ್ತೀನಿ. ನಮ್ಮ ಹುಡುಗಿಯೊಬ್ಬಳಿಗೆ ಅವರಮ್ಮ ಅರ್ಧ ಗಂಟೆ ಅದನ್ನು ಏರಿಸುತ್ತಿದ್ದರು. ಜಾರಲಿ ಅಂತ ಪಾದಕ್ಕೆ ಪ್ಲಾಸ್ಟಿಕ್ ಕವರ್ ಹಾಕಿ, ಇಂಚಿಂಚಾಗಿ. ಸೊಂಟದ ಹತ್ತಿರ ಉಗುರು ತಾಗಿ ಪರ್ ಅಂತ ಹರಿಯಿತು. ಅಷ್ಟರಲ್ಲಿ ವಾರ್ಮ್ ಅಪ್ ಮುಗಿದಿತ್ತು. ಮಗು ಅಳುತ್ತಲೇ ಹೀಟ್ಸ್‌ಗೆ (ಮೊದಲ ಸುತ್ತಿಗೆ) ಹೋಗಿ ತನ್ನ ಮಾಮೂಲಿ ಸಮಯಕ್ಕಿಂತಲೂ ಹಿಂದೆ ಬಿದ್ದಳು. ಸ್ಪರ್ಧೆ ಇನ್ನೂ ಎರಡು ದಿನ ಇತ್ತು, ಅವಳು ನೀರಿಗಿಳಿಯೋಕೇ ಒಪ್ಪಲಿಲ್ಲ.

ಅಮೆರಿಕದ ಈಜು ಸಂಸ್ಥೆಯೇ 2020ರ ಸೆಪ್ಟೆಂಬರ್‌ನಿಂದ 12 ವರ್ಷ ಮತ್ತು ಕೆಳಗಿನ ಮಕ್ಕಳಿಗೆ ಟೆಕ್ ಸೂಟ್ ಬೇಡ ಅಂದಿದೆ. ಆ ದುಡ್ಡಿನಲ್ಲಿ ಅವಳನ್ನು ಇನ್ನೂ ಒಂದೆರಡು ಸ್ಪರ್ಧೆಗೆ ಕರ್ಕೊಂಡು ಹೋಗಿ. ಟರ್ನ್ ಆದಮೇಲೆ ಗೋಡೆಯನ್ನು ಹೇಗೆ ಒದೀತಾಳೆ ನೋಡಿ: ಕೈ ಎರಡೂ ಕಿವಿಗೆ ಒತ್ತಿ ಬಾಣದ ಹಾಗೆ ಹೋಗ್ತಾಳಾ, ಇಲ್ಲಾ ತಲೆ ಎತ್ತಿಬಿಡ್ತಾಳಾ? ಈ ವಯಸ್ಸಲ್ಲಿ ಸೆಕೆಂಡುಗಳು ಅಡಗಿರೋದು ಅಲ್ಲೇ. ವೀಡಿಯೊ ಇದ್ದರೆ ಹಾಕಿ, ನೋಡಿ ಹೇಳ್ತೀನಿ.