ಹೌದು ಮಾರಾಯ, ನಾವು ಕೇರಳದವರು, ಕನ್ನಡದವರೂ ಹೌದು

ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡುವ ಕೇರಳದ ಭಾಷಾ ಮಸೂದೆಯ ಗಲಾಟೆಯನ್ನು ಟಿವಿಯಲ್ಲಿ ನೋಡಿ ನೀನು ಕೇಳಿದೆಯಲ್ಲ, "ನೀವು ಹೇಗೂ ಮಲಯಾಳಿಗಳೇ ಅಲ್ವಾ, ಮಲಯಾಳ ಕಲಿಯೋಕೆ ಏನು ತೊಂದರೆ?" ಅಂತ. ಬೆಂಗಳೂರಿನಲ್ಲಿ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಆದರೆ ಕೇಳಿದ್ದು ನೀನು, ಹಾಗಾಗಿ ಸರಿಯಾಗಿಯೇ ಹೇಳುತ್ತೇನೆ.

ನಾವು ಮಲಯಾಳಿಗಳಲ್ಲ, ಕೇರಳದ ಕಾಸರಗೋಡಿನಲ್ಲಿರುವ ಕನ್ನಡಿಗರು. 1956ರ ನವೆಂಬರ್ 1ರ ತನಕ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ನಂತರ ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಕನ್ನಡ ನಾಡಿಗೆ ಕೊಡಿ ಅಂತ 1967ರಲ್ಲಿ ಗಡಿ ವಿವಾದ ನೋಡಿದ ಮಹಾಜನ ಆಯೋಗ ಹೇಳಿತು, ಆ ವರದಿ ಜಾರಿಯಾಗಲೇ ಇಲ್ಲ. ಕಾಸರಗೋಡು ಕರ್ನಾಟಕಕ್ಕೆ ಸೇರಲಿ ಅಂತ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಂಡರು, ಅವರು ಕಾಣಲು ಬಯಸಿದ ಆ ದಿನ ಬರಲಿಲ್ಲ. ರಾಷ್ಟ್ರಕವಿ ಗೋವಿಂದ ಪೈಗಳು ಇಲ್ಲಿನ ಮಂಜೇಶ್ವರದವರು. ಪಾರ್ತಿಸುಬ್ಬ ಕುಂಬಳೆಯವನು, ನಮ್ಮ ತೆಂಕುತಿಟ್ಟು ಯಕ್ಷಗಾನ ಅವನ ಪ್ರಸಂಗಗಳ ಮೇಲೆಯೇ ಬೆಳೆದದ್ದು. ಇಷ್ಟನ್ನು ಶಾಲೆಯಲ್ಲಿ ಓದಿದ ನೀವೇ ನಮ್ಮನ್ನು ಹೊರಗಿನವರು ಅಂದಾಗ ನಿಜವಾಗಿ ನೋವಾಗುತ್ತದೆ.

ಇನ್ನು ಮಲಯಾಳ. ಅದು ನಮಗೆ ಬರುತ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯವರ ಹತ್ತಿರ ಬ್ಯಾರಿ, ಬಸ್ಸಿನಲ್ಲಿ ಮಲಯಾಳ, ಇದರಲ್ಲಿ ನಮಗೆ ವಿಶೇಷ ಏನೂ ಕಾಣುವುದಿಲ್ಲ. ನೀವು ಈಗೀಗ ಮೊಬೈಲಿನಲ್ಲಿ ಸಬ್‌ಟೈಟಲ್ ಹಾಕಿಕೊಂಡು ಹೊಗಳುವ ಮಲಯಾಳ ಸಿನಿಮಾಗಳನ್ನು ನಾವು ಚಿಕ್ಕಂದಿನಿಂದ ಸುಮ್ನೆ ಕೂತು ನೋಡಿದವರು. ಮಮ್ಮುಟ್ಟಿ, ಮೋಹನ್‌ಲಾಲ್ ಅಂದರೆ ನನ್ನ ತಮ್ಮನಿಗೆ ಪ್ರಾಣ, ಅವನೇ ರಾತ್ರಿಯಿಡೀ ನಿದ್ದೆಗೆಟ್ಟು ಕನ್ನಡ ಯಕ್ಷಗಾನವನ್ನೂ ನೋಡುತ್ತಾನೆ. ಭಾಷೆಯ ಮೇಲೆ ನಮಗೆ ದ್ವೇಷ ಇಲ್ಲ.

ಹಾಗಾದರೆ ಸಿಟ್ಟು ಯಾವುದಕ್ಕೆ? ರಿಷಬ್ ಶೆಟ್ಟಿಯವರು 2018ರಲ್ಲಿ ಕಾಸರಗೋಡಿನ ಕನ್ನಡ ಶಾಲೆಯ ಬಗ್ಗೆ ಸಿನಿಮಾ ಮಾಡಿದರು, ಅದಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂತು. ನಮಗೆಲ್ಲ ಹೆಮ್ಮೆ. ಅಲ್ಲಿನ ಕಥೆ ಶಾಲೆ ಮುಚ್ಚುವುದರ ಬಗ್ಗೆ. ನಮ್ಮೂರಿನ ಶಾಲೆ ಮುಚ್ಚಿಲ್ಲ. ಬೋರ್ಡಿನ ಮೇಲೆ ಕನ್ನಡ ಉಂಟು, ಮಕ್ಕಳ ಕೈಯಲ್ಲಿ ಕನ್ನಡ ಪುಸ್ತಕ ಉಂಟು. ಕ್ಲಾಸಿಗೆ ಬರುವ ಟೀಚರಿಗೆ ಮಾತ್ರ ಕನ್ನಡ ಬರುವುದಿಲ್ಲ. ನನ್ನ ಮಗಳ ಗಣಿತದ ಕ್ಲಾಸು ಹೀಗೇ ಹೋಯಿತು. ಪಾಪ, ಆ ಟೀಚರ್ ಒಳ್ಳೆಯವರೇ, ದೂರದ ಜಿಲ್ಲೆಯಿಂದ ಪರೀಕ್ಷೆ ಬರೆದು ಕೆಲಸಕ್ಕೆ ಬಂದವರು. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಓದಿ ಪಾಠ ಮಾಡಲು ಬಾರದವರನ್ನು ಹಾಕಿದವರದ್ದು ತಪ್ಪು. ಮನೆಯಲ್ಲಿ ತುಳು ಮಾತಾಡುವ ಮಗು ಕನ್ನಡ ಪುಸ್ತಕದ ಲೆಕ್ಕವನ್ನು ಮಲಯಾಳದಲ್ಲಿ ಕೇಳಿಸಿಕೊಂಡು ಏನು ಕಲಿಯಬೇಕು, ಹೇಳು?

ನಾವು ಪೋಷಕರು ಸೇರಿ ಅರ್ಜಿ ಕೊಡುತ್ತೇವೆ. ಉತ್ತರ ಮಲಯಾಳದಲ್ಲಿ ಬರುತ್ತದೆ. ಗೇಟಿನ ಎದುರು ಕೂರುತ್ತೇವೆ. ಟೀಚರ್ ರಜೆ ಹಾಕುತ್ತಾರೆ, ಆಮೇಲೆ ವರ್ಗ ಆಗುತ್ತದೆ, ಮತ್ತೊಬ್ಬರು ಬರುತ್ತಾರೆ, ಅವರಿಗೂ ಕನ್ನಡ ಇಲ್ಲ. ಅಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ಸಿಗುವಂತೆ ಮಾಡಲು ರಾಜ್ಯ ಪ್ರಯತ್ನಿಸಬೇಕು ಅಂತ ಸಂವಿಧಾನದ 350ಎ ವಿಧಿಯಲ್ಲಿ ಇದೆ, ಅದನ್ನು ಹೇಳಿ ಹೇಳಿ ನಮಗೆ ಬಾಯಿಪಾಠ ಆಗಿದೆ. ಕೊನೆಗೆ ಬೇಸತ್ತ ಅಪ್ಪ ಅಮ್ಮ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುತ್ತಾರೆ. ಆಗ ಕನ್ನಡ ಶಾಲೆಗೆ ಮಕ್ಕಳೇ ಇಲ್ಲ ಅಂತ ಲೆಕ್ಕ ತೋರಿಸುವುದು ಸುಲಭ.

ಈ ಸುದ್ದಿ ನಿನ್ನ ಚಾನೆಲ್‌ಗಳಲ್ಲಿ ಬಂತಾ? ಇಲ್ಲ. ಮಂಗಳೂರು ಕಡೆಯಿಂದ ಬರುವ ಪತ್ರಿಕೆಗಳ ಕಾಸರಗೋಡು ಪುಟದಲ್ಲಿ ಬರುತ್ತದೆ, ಅಲ್ಲಿಗೇ ಮುಗಿಯುತ್ತದೆ. ಬೆಂಗಳೂರಿಗೆ ನಾವು ಕೇರಳದ ಸುದ್ದಿ. ತಿರುವನಂತಪುರ ಇಲ್ಲಿಂದ ಐನೂರು ಕಿಲೋಮೀಟರಿಗೂ ಜಾಸ್ತಿ ದೂರ, ಅಲ್ಲಿಯವರಿಗೆ ನಾವು ಮೂಲೆಯ ಸುದ್ದಿ. 2017ರಲ್ಲಿ ಕೇರಳ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿದಾಗ ನಾವು ಬೀದಿಗೆ ಇಳಿದಿದ್ದೆವು. ಆಮೇಲೆ 2025ರ ಮಸೂದೆಯ ವಿಷಯದಲ್ಲಿ ಸಿದ್ದರಾಮಯ್ಯನವರು ಪಿಣರಾಯಿ ವಿಜಯನ್ ಅವರಿಗೆ ಪತ್ರ ಬರೆದ ಮೇಲೆ ಚಾನೆಲ್‌ನವರಿಗೆಲ್ಲ ನಾವು ನೆನಪಾದೆವು. ಪತ್ರ ಬರೆದದ್ದು ಒಳ್ಳೆಯದೇ, ಅದಕ್ಕೆ ಋಣಿ. ಮಸೂದೆಯಲ್ಲಿ ಕನ್ನಡ, ತಮಿಳಿನವರಿಗೆ ರಕ್ಷಣೆ ಉಂಟು ಅಂತ ಕೇರಳ ಸರ್ಕಾರ ಹೇಳಿತು. ಕಾಗದದ ಮೇಲಿನ ರಕ್ಷಣೆ ಕ್ಲಾಸಿನ ಒಳಗೆ ಬಾರದೇ ಇರುವುದನ್ನು ನಾವು ಮಕ್ಕಳ ಮಾರ್ಕ್ಸ್ ಕಾರ್ಡಿನಲ್ಲಿ ನೋಡಿದವರು, ಹಾಗಾಗಿ ನಂಬಲು ಕಷ್ಟ.

ಕರ್ನಾಟಕದ ಮೇಲೂ ಒಂದು ಮಾತು ಹೇಳಲೇಬೇಕು. 2020ರ ಕೊರೊನಾದಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ಕಾಸರಗೋಡಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರ್, ದೊಡ್ಡ ಕಾಯಿಲೆ ಅಂದರೆ ನಮಗೆ ಮಂಗಳೂರೇ ಗತಿ. ಆಂಬ್ಯುಲೆನ್ಸುಗಳು ಗಡಿಯ ತಲಪಾಡಿಯಿಂದ ವಾಪಸ್ ಬಂದವು, ಜನ ಸತ್ತರು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಆ ದಿನಗಳಲ್ಲಿ ನಮ್ಮನ್ನು ಕನ್ನಡಿಗರು ಅಂತ ಯಾರೂ ಕರೆಯಲಿಲ್ಲ. ಅದನ್ನು ಮರೆಯಲು ನನಗೆ ಇನ್ನೂ ಆಗಿಲ್ಲ.

ಚುನಾವಣೆ ಬಂದಾಗ ಮಾತ್ರ ಎಲ್ಲರಿಗೂ ಕನ್ನಡ ಬೇಕು. ಮಂಜೇಶ್ವರ ವಿಧಾನಸಭಾ ಕ್ಷೇತ್ರದಲ್ಲಿ 2016ರಲ್ಲಿ ಗೆದ್ದ ಅಂತರ 89 ಓಟು, 2021ರಲ್ಲಿ 745. ಇಂಥ ಕಡೆ ಒಂದೊಂದು ಮನೆಯೂ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಎಲ್ಲ ಪಕ್ಷದ ಪೋಸ್ಟರ್‌ಗಳಲ್ಲೂ ಕನ್ನಡ. 2021ರಲ್ಲಿ ಗೆದ್ದ ಎ.ಕೆ.ಎಂ. ಅಶ್ರಫ್ ಅವರು ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು. ನಾನು ಯಾವ ಪಕ್ಷದವನೇ ಇರಲಿ, ಆ ದಿನ ತುಂಬಾ ಖುಷಿಪಟ್ಟೆ.

"ಅಷ್ಟು ಕಷ್ಟ ಇದ್ರೆ ಈ ಕಡೆ ಬಂದುಬಿಡಿ" ಅಂತಲೂ ಹೇಳಿದೆ. ಯಾಕೆ ಬರಬೇಕು? ಅಡಿಕೆ ತೋಟ, ದೈವದ ಸ್ಥಾನ, ಶಾಲೆ ಎಲ್ಲ ಇಲ್ಲೇ ಉಂಟು. ಬರುವುದಾದರೆ ನೀನು ಬಾ. ನಿನ್ನ ಪರಿಚಯದ ಚಾನೆಲ್‌ನವರು ಯಾರಾದರೂ ಇದ್ದರೆ ಅವರನ್ನೂ ಕರೆದುಕೊಂಡು ಬಾ. ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ವಾರವೇ ಬನ್ನಿ, ಯಾವ ಕ್ಲಾಸಿಗೆ ಯಾವ ಟೀಚರ್ ಬಂದಿದ್ದಾರೆ ಅಂತ ನಾನೇ ತೋರಿಸುತ್ತೇನೆ.