ಫ್ಲಾರೆನ್ಸ್‌ಗೆ ಮೂರು ಗಂಟೆ ಸಾಕಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಂಚಿಕೆಯಲ್ಲಿ ಇಟಲಿ ಪ್ರವಾಸದ ಬಗ್ಗೆ ನಾಲ್ಕು ಮಾತು ಬರೆದಿದ್ದೆ, ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಫ್ಲಾರೆನ್ಸ್ ಬಗ್ಗೇನೇ ಇದ್ವು. ಅದಕ್ಕೆ ಈ ಸಲದ ಅಂಕಣ ಪೂರ್ತಿ ಆ ಊರಿಗೇ ಬಿಟ್ಟಿದೀನಿ. ಅಲ್ಲಿನೋರು ಊರನ್ನ ಫಿರೆಂಜೆ ಅಂತಾರೆ, ರೈಲ್ವೆ ಸ್ಟೇಷನ್ ಬೋರ್ಡಲ್ಲೂ ಹಾಗೇ ಬರ್ದಿರತ್ತೆ, ಬೇರೆ ಯಾವ್ದೋ ಊರು ಅಂತ ಗಾಬರಿ ಆಗ್ಬೇಡಿ.

ನಾನು, ನಮ್ಮನೆಯೋರು ಗ್ರೂಪ್ ಟೂರಲ್ಲಿ ಹೋಗ್ತಿದ್ದೀವಿ. ರೋಮಿಂದ ವೆನಿಸ್‌ಗೆ ಹೋಗೋ ದಾರೀಲಿ ಫ್ಲಾರೆನ್ಸಲ್ಲಿ ಮೂರು ಗಂಟೆ ನಿಲ್ಲಿಸ್ತಾರಂತೆ. ಅಷ್ಟು ಸಾಕಾ ಸರ್? (ಓದುಗರು, ಶಿವಮೊಗ್ಗ)

ಸಾಲಲ್ಲ. ನಾನೂ ಮೊದಲನೇ ಸಲ ಹೋಗಿದ್ದು ಹಿಂಗೇನೇ, ಕಥೀಡ್ರಲನ್ನ ಹೊರಗಡೆಯಿಂದ ನೋಡಿ, ಹಳೇ ಸೇತುವೆ ಮೇಲೆ ನಿಂತು ಫೋಟೋ ತೆಗೆಸ್ಕೊಂಡು, ಉಳಿದ ಮುಕ್ಕಾಲು ಗಂಟೆ ಒಂದು ಚರ್ಮದ ಬ್ಯಾಗಿನ ಅಂಗಡೀಲಿ ಕೂರಿಸಿದ್ರು, ಬಸ್ ಹತ್ತಿದ್ಮೇಲೆ ನಾನು ಆ ಊರನ್ನ ನೋಡ್ಲೇ ಇಲ್ಲ ಅಂತ ಹೊಟ್ಟೆ ಉರಿದುಹೋಯ್ತು. ನಾಲ್ಕು ವರ್ಷ ದುಡ್ಡು ಕೂಡಿಸಿ ಮತ್ತೆ ಹೋದೆ, ಮೂರು ರಾತ್ರಿ ಉಳ್ಕೊಂಡೆ.

ಆ ಎರಡನೇ ಸಲ ನೋಡಿದ್ದು ಸಾನ್ ಮಾರ್ಕೋ ಮಠ. ಅದನ್ನ ಒಂಚೂರು ವಿವರವಾಗಿ ಹೇಳ್ತೀನಿ, ಯಾಕಂದ್ರೆ ಟೂರಿನೋರು ಯಾರೂ ಅಲ್ಲಿಗೆ ಕರ್ಕೊಂಡು ಹೋಗಲ್ಲ. 1440ರ ಆಸುಪಾಸಿನಲ್ಲಿ ಫ್ರಾ ಆಂಜೆಲಿಕೋ ಅನ್ನೋ ಸನ್ಯಾಸಿ, ಅದೇ ಮಠದಲ್ಲಿದ್ದೋರು, ತಮ್ಮ ಜೊತೆಯ ಸನ್ಯಾಸಿಗಳು ಮಲಗೋ ಕೋಣೆಗಳ ಗೋಡೆ ಮೇಲೆ ಚಿತ್ರ ಬರೆದ್ರು. ಮೆಟ್ಟಿಲು ಹತ್ತಿ ತಿರುಗಿದ ಕೂಡ್ಲೇ ಎದುರುಗಡೆ ಗೋಡೇಲಿ ದೇವದೂತ, ಏಸುವಿನ ತಾಯಿ ಮೇರಿ ಮುಂದೆ ಮಂಡಿ ಬಗ್ಗಿಸಿರೋ ದೊಡ್ಡ ಚಿತ್ರ ಕಾಣತ್ತೆ, ದೂತನ ರೆಕ್ಕೆ ಬಣ್ಣ ಬಣ್ಣದ ಪಟ್ಟೆ. ಅಲ್ಲಿಂದಾಚೆಗೆ ಸಾಲಾಗಿ ನಲವತ್ತಕ್ಕೂ ಹೆಚ್ಚು ಪುಟ್ಟ ಕೋಣೆ. ಒಂದು ಸಣ್ಣ ಕಿಟಕಿ, ಪಕ್ಕದಲ್ಲಿ ಒಂದು ಚಿತ್ರ, ಬೇರೇನೂ ಇಲ್ಲ. ನಾನು ಒಂದು ಕೋಣೆ ಬಾಗಿಲಲ್ಲಿ ಹದಿನೈದು ನಿಮಿಷ ನಿಂತಿದ್ದೆ, ಯಾರೂ ಬರ್ಲಿಲ್ಲ. ಒಬ್ಬ ಮನುಷ್ಯ ಬೆಳಗ್ಗೆ ಎದ್ದು ಮೊದಲು ನೋಡ್ಲಿ ಅಂತ ಬರೆದಿದ್ದು ಆ ಚಿತ್ರ, ಇವತ್ತಿಗೂ ಅದೇ ಗೋಡೆ ಮೇಲಿದೆ. ಫ್ಲಾರೆನ್ಸಿನ ವಿಶೇಷ ಇದೇ ನೋಡಿ, ಎಷ್ಟೋ ಕೆಲಸ ಯಾವ ಜಾಗಕ್ಕೆ ಅಂತ ಮಾಡಿದ್ರೋ ಅಲ್ಲೇ ಇದಾವೆ, ಅದನ್ನ ನೋಡೋಕೆ ನಿಮಗೂ ಅಲ್ಲಿ ನಿಂತ್ಕೊಳ್ಳೋಕೆ ಟೈಮ್ ಬೇಕು.

ಟೂರ್ ಬದಲಾಯಿಸೋಕೆ ಆಗೋದಾದ್ರೆ ಎರಡು ದಿನ ಇಟ್ಕೊಳ್ಳಿ, ರೋಮಿಂದ ಫಾಸ್ಟ್ ಟ್ರೇನಲ್ಲಿ ಒಂದೂವರೆ ಗಂಟೆ ಅಷ್ಟೆ, ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್ನಲ್ಲಿ ಇಳಿದ್ರೆ ಊರ ನಡುವೆಗೇ ಇಳಿದಂಗೆ. ಆಗೋದೇ ಇಲ್ಲ ಅಂದ್ರೆ ಆ ಮೂರು ಗಂಟೇಲಿ ಉಫೀಜಿ ಮ್ಯೂಸಿಯಂಗೆ ನುಗ್ಗೋಕೆ ಹೋಗ್ಬೇಡಿ. ಬೆಳಗ್ಗೆ ಹೊತ್ತು ತಲುಪಿದ್ರೆ ಬ್ಯಾಗಿನ ಅಂಗಡಿ ಬಿಟ್ಟು ಕಥೀಡ್ರಲಿಂದ ಹತ್ತು ನಿಮಿಷ ನಡೆದು ಸಾನ್ ಮಾರ್ಕೋಗೆ ಹೋಗಿ ಬನ್ನಿ. ಬಸ್ಸು ಎಲ್ಲಿ, ಎಷ್ಟೊತ್ತಿಗೆ ಹೊರಡತ್ತೆ ಅಂತ ಗೈಡ್ ಹತ್ರ ಬರೆಸ್ಕೊಳ್ಳಿ.

ಡೇವಿಡ್ ಮೂರ್ತಿ ಚೌಕದಲ್ಲೇ ಫ್ರೀಯಾಗಿ ನೋಡ್ಬೋದಂತಲ್ಲ, ಮತ್ತೆ ದುಡ್ಡು ಕೊಟ್ಟು ಮ್ಯೂಸಿಯಂ ಒಳಗೆ ಯಾಕೆ? (ಓದುಗರು, ಮಂಡ್ಯ)

ಸಿನ್ಯೋರಿಯಾ ಅನ್ನೋ ಆ ಚೌಕದಲ್ಲಿರೋದು ನಕಲು, 1910ರಲ್ಲಿ ನಿಲ್ಲಿಸಿದ್ದು. ಅಸಲಿ ಮೂರ್ತಿ 1504ರಿಂದ ಅಲ್ಲೇ ಬಿಸಿಲು ಮಳೇಲಿ ನಿಂತಿತ್ತು, 1527ರ ಗಲಾಟೇಲಿ ಎಡಗೈನೂ ಮುರಿದಿತ್ತು, ಕೊನೆಗೆ 1873ರಲ್ಲಿ ಅಕಾಡೆಮಿಯಾ ಅನ್ನೋ ಕಟ್ಟಡದೊಳಗೆ ತಂದಿಟ್ರು. 5.17 ಮೀಟರ್ ಎತ್ತರ, ಅಂದ್ರೆ ಹದಿನೇಳಡಿ. ಬೇರೆ ಶಿಲ್ಪಿ ಕೈ ಹಾಕಿ ಬಿಟ್ಟಿದ್ದ ಅಮೃತಶಿಲೆ ದಿಮ್ಮಿ ಅದು, ದಶಕಗಟ್ಟಲೆ ಹಂಗೇ ಬಿದ್ದಿತ್ತು. ಮೈಕೆಲೆಂಜಲೊ ಅದಕ್ಕೆ ಉಳಿ ಇಟ್ಟಾಗ ಇಪ್ಪತ್ತಾರು ವರ್ಷದ ಹುಡುಗ. ಬಲಗೈ ಹತ್ರ ನಿಂತು ನೋಡಿ, ಮುಂಗೈ ಮೇಲೆ ನರ ಉಬ್ಬಿರೋದು ಕಾಣತ್ತೆ, ನಕಲಲ್ಲಿ ಆ ಜೀವ ಇಲ್ಲ.

ಆದ್ರೆ ನನ್ನ ಕೇಳಿದ್ರೆ ಡೇವಿಡ್‌ಗಿಂತ ಮೊದಲು, ಹೋಗೋ ದಾರೀಲಿ ಎರಡೂ ಕಡೆ ಅರ್ಧಕ್ಕೆ ನಿಂತಿರೋ ಕೈದಿಗಳ ಶಿಲ್ಪ ಇದಾವಲ್ಲ, ಅಲ್ಲಿ ನಿಲ್ಲಿ. ಅವೂ ಮೈಕೆಲೆಂಜಲೊದೇ, ಪೋಪ್ ಎರಡನೇ ಜೂಲಿಯಸ್‌ನ ಸಮಾಧಿಗೆ ಅಂತ ಶುರು ಮಾಡಿ ಮುಗಿಸ್ದೇ ಬಿಟ್ಟಿದ್ದು. ಹೊಟ್ಟೆ, ತೊಡೆ ಕಲ್ಲಿಂದ ಹೊರಗೆ ಬಂದಿದೆ, ತಲೆ ಇನ್ನೂ ಕಲ್ಲೊಳಗೇ ಇದೆ, ಹಲ್ಲಿನ ಉಳಿ ಎಳೆದ ಗೀರು ಬಾಚಣಿಗೆ ಎಳೆದಂಗೆ ಹಂಗಂಗೇ ಉಳಿದಿದೆ. ಒಬ್ಬ ಶಿಲ್ಪಿ ಕೈ ಯಾವ ಕಡೆಯಿಂದ ಯಾವ ಕಡೆಗೆ ಓಡ್ತು ಅನ್ನೋದನ್ನ ಐನೂರು ವರ್ಷ ಆದ್ಮೇಲೆ ಕಣ್ಣಾರೆ ನೋಡ್ಬೋದು. ಟಿಕೆಟ್ ದುಡ್ಡು ಅದಕ್ಕೇ ವಸೂಲಾಯ್ತು. ಅಕಾಡೆಮಿಯಾ, ಉಫೀಜಿ ಎರಡೂ ಸೋಮವಾರ ರಜೆ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂ ಫ್ರೀ, ಆದ್ರೆ ಕ್ಯೂ ಸಿಕ್ಕಾಪಟ್ಟೆ, ಅವತ್ತು ಹೋಗ್ಬೇಡಿ ಅಂತ್ಲೇ ನಾನು ಹೇಳೋದು.

ನಾನು ಸಿವಿಲ್ ಎಂಜಿನಿಯರಿಂಗ್ ಸ್ಟೂಡೆಂಟ್. ಅಲ್ಲಿನ ಗುಮ್ಮಟದ ಬಗ್ಗೆ ಕ್ಲಾಸಲ್ಲಿ ಕೇಳಿದೀನಿ. ಮೇಲೆ ಹತ್ತಬೇಕಾ, ಕೆಳಗಿಂದ ನೋಡಿದ್ರೆ ಸಾಕಾ? (ಓದುಗ, ತುಮಕೂರು)

ನೀನಂತೂ ಹತ್ತಲೇಬೇಕಪ್ಪ. 463 ಮೆಟ್ಟಿಲು, ಲಿಫ್ಟ್ ಇಲ್ಲ, ಟೈಮ್ ಸ್ಲಾಟ್ ಮೊದಲೇ ಬುಕ್ ಮಾಡ್ಬೇಕು. ಕಥೀಡ್ರಲಿನ ಗೋಡೆಗಳೆಲ್ಲ ಎದ್ದಮೇಲೂ ನಡುವೆ ನಲವತ್ತು ಮೀಟರಿಗೂ ಅಗಲದ ತೂತು ಹಾಗೇ ಬಾಯಿ ತೆರ್ಕೊಂಡಿತ್ತು, ಅಷ್ಟಗಲಕ್ಕೆ ಕೆಳಗಿಂದ ಮರದ ಸೆಂಟ್ರಿಂಗ್ ಕಟ್ಟೋಕೆ ಯಾರಿಂದಲೂ ಆಗೋ ಮಾತಲ್ಲ. 1418ರಲ್ಲಿ ಸ್ಪರ್ಧೆ ಕರೆದ್ರು, ಬ್ರುನೆಲೆಸ್ಕಿ ಅನ್ನೋ ಅಕ್ಕಸಾಲಿ ಸೆಂಟ್ರಿಂಗೇ ಬೇಡ ಅಂದ, 1420ರಲ್ಲಿ ಶುರು ಮಾಡಿ 1436ಕ್ಕೆ ಮುಗಿಸಿದ. ಒಂದರೊಳಗೊಂದು ಎರಡು ಗುಮ್ಮಟ ಅದು. ನೀನು ಹತ್ತೋ ಮೆಟ್ಟಿಲು ಆ ಎರಡರ ಸಂದೀಲೇ ಹೋಗತ್ತೆ, ಮೇಲೆ ಹೋಗ್ತಾ ಹೋಗ್ತಾ ಗೋಡೆ ನಿನ್ನ ಮೇಲೇ ವಾಲತ್ತೆ, ತಲೆ ಒಂದು ಕಡೆ ಬಗ್ಗಿಸ್ಕೊಂಡು ನಡೀಬೇಕು.

ಅಲ್ಲಿ ಒಂದು ನಿಮಿಷ ನಿಂತು ಇಟ್ಟಿಗೆ ನೋಡು. ಮಲಗಿಸಿರೋ ಇಟ್ಟಿಗೆ ಸಾಲಿನ ನಡುನಡುವೆ ಒಂದೊಂದು ಇಟ್ಟಿಗೆ ನೆಟ್ಟಗೆ ನಿಂತಿರತ್ತೆ, ಅದೇ ಸುತ್ತಿಕೊಂಡು ಓರೆಯಾಗಿ ಮೇಲೆ ಹೋಗತ್ತೆ, ಮೀನಿನ ಮುಳ್ಳಿನ ಥರ. ಗಾರೆ ಒಣಗೋ ತನಕ ವಾಲಿರೋ ಸಾಲು ಜಾರದಂಗೆ ಹಿಡ್ಕೊಂಡಿದ್ದು ಆ ನಿಂತ ಇಟ್ಟಿಗೆಗಳೇ. ಸಾಮಾನು ಮೇಲೆತ್ತೋಕೆ ಬ್ರುನೆಲೆಸ್ಕಿ ಎತ್ತು ಕಟ್ಟಿದ ಯಂತ್ರ ಮಾಡಿದ್ದ, ಎತ್ತಿನ ಮುಖ ತಿರುಗಿಸ್ದೇ ಭಾರ ಮೇಲೂ ಹೋಗ್ತಿತ್ತು, ಕೆಳಗೂ ಬರ್ತಿತ್ತು, ಗೇರ್ ಬದಲಾಯಿಸಿದ್ರೆ ಆಯ್ತು. ಇವತ್ತಿಗೂ ಪ್ರಪಂಚದಲ್ಲಿ ಇಟ್ಟಿಗೆ ಗಾರೆಯ ಅಷ್ಟು ದೊಡ್ಡ ಗುಮ್ಮಟ ಇನ್ನೊಂದಿಲ್ಲ. ಆತನ ಸಮಾಧಿನೂ ಅದೇ ಚರ್ಚ್ ಕೆಳಗಡೆ ಇದೆ, ಇಳಿದು ನೋಡ್ಕೊಂಡು ಬಾ.

ನಮ್ಮಮ್ಮನಿಗೆ 68, ಮಂಡಿ ನೋವು. ಕರ್ಕೊಂಡು ಹೋಗ್ಬೋದಾ? (ಓದುಗರು, ಮೈಸೂರು)

ಧಾರಾಳವಾಗಿ ಕರ್ಕೊಂಡು ಹೋಗಿ. ಗುಮ್ಮಟ, ಪಕ್ಕದ ಗಂಟೆ ಗೋಪುರ (414 ಮೆಟ್ಟಿಲು) ಎರಡನ್ನೂ ಬಿಡಿ. ಡೇವಿಡ್ ನೆಲಮಟ್ಟದಲ್ಲೇ ಇದೆ, ಉಫೀಜೀಲಿ ಲಿಫ್ಟ್ ಇದೆ. ರಸ್ತೆಯೆಲ್ಲ ಚಪ್ಪಡಿ ಕಲ್ಲು, ಅದಕ್ಕೆ ಅಮ್ಮನಿಗೆ ಹೊಸ ಚಪ್ಪಲಿ ಬೇಡ, ಹಾಕಿ ಅಭ್ಯಾಸ ಇರೋ ಶೂ ಹಾಕ್ಸಿ. ಡೇವಿಡ್ ನಕಲು ಇರೋ ಚೌಕದ ಪಕ್ಕದಲ್ಲಿ ಲೋಜಿಯಾ ಅಂತ ತೆರೆದ ಕಮಾನಿನ ಮಂಟಪ ಇದೆ, ಟಿಕೆಟ್ ಇಲ್ಲ, ಒಳಗೆ ಕಲ್ಲಿನ ಕಟ್ಟೆ ಇದೆ, ಅಮ್ಮ ಅಲ್ಲಿ ಆರಾಮಾಗಿ ಕೂತ್ಕೋಬೋದು, ಕೂತಲ್ಲಿಂದ್ಲೇ ಚೆಲ್ಲಿನಿ ಅನ್ನೋ ಶಿಲ್ಪಿ ಮಾಡಿದ, ಗ್ರೀಕ್ ಪುರಾಣದ ವೀರ ಪರ್ಸಿಯಸ್‌ನ ಕಂಚಿನ ಮೂರ್ತಿ ಕಾಣತ್ತೆ. ಸಂಜೆ ಸಿಟಿ ಬಸ್ಸಲ್ಲಿ ಪಿಯತ್ಸಾಲೆ ಮೈಕೆಲೆಂಜಲೊಗೆ ಕರ್ಕೊಂಡು ಹೋಗಿ, ಗುಡ್ಡದ ಮೇಲಿಂದ ಆರ್ನೋ ನದಿ, ಸೇತುವೆಗಳು, ಗುಮ್ಮಟ ಎಲ್ಲಾ ಒಟ್ಟಿಗೆ ಕಾಣತ್ತೆ. ಜುಲೈ ಆಗಸ್ಟ್ ಮಾತ್ರ ಬೇಡವೇ ಬೇಡ, ಕಲ್ಲು ಕಾದು ಸೆಕೆ ತಡ್ಕೊಳ್ಳೋಕಾಗಲ್ಲ. ಇನ್ನೊಂದು, ಮೆಡಿಕಲ್ ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು ಇಟಲಿಗೆ ಬೇಕಾದ ಶೆಂಗೆನ್ ವೀಸಾಗೆ ಕಡ್ಡಾಯ, ಮಂಡಿ ನೋವಿನಂಥ ಹಳೇ ಕಾಯಿಲೆ ಅದರಲ್ಲಿ ಬರತ್ತಾ ಅಂತ ಕೇಳ್ಕೊಂಡೇ ತಗೊಳ್ಳಿ.

ನಾವು ಪಕ್ಕಾ ಶಾಕಾಹಾರಿ ಮಂದಿ ಅದೀವ್ರಿ. ಊಟಕ್ಕ ಏನ್ ಮಾಡೋದು? ಅಲ್ಲಿ ಇರೋ ಮಗಳಿಗೆ ಪೇಡೆ ಒಯ್ಯಬಹುದೇನ್ರಿ? (ಓದುಗರು, ಹುಬ್ಬಳ್ಳಿ)

ಪೇಡೆ ಒಯ್ಯಬೇಡ್ರಿ. ಹೊರಗಿನ ದೇಶದ ಹಾಲಿನ ಪದಾರ್ಥ, ಮಾಂಸ ಯುರೋಪಿಯನ್ ಯೂನಿಯನ್ ಒಳಗೆ ಬಿಡೋ ಹಾಗಿಲ್ಲ, ಏರ್‌ಪೋರ್ಟಲ್ಲಿ ಸಿಕ್ಕಿದ್ರೆ ಕಸದ ಡಬ್ಬಿಗೆ ಹಾಕ್ತಾರೆ, ತುಪ್ಪಕ್ಕೂ ಅದೇ ಮಾತು. ಶೇಂಗಾ ಚಟ್ನಿಪುಡಿ ಧಾರಾಳ ಒಯ್ಯಿರಿ.

ಊಟಕ್ಕೆ ಫ್ಲಾರೆನ್ಸ್ ಸುಲಭ. ರಿಬೊಲ್ಲಿತಾ ಅಂತ ಒಂದಿದೆ, ಬಿಳಿ ಕಾಳು, ಕಪ್ಪು ಹಸಿರು ಸೊಪ್ಪು, ಒಣಗಿದ ಬ್ರೆಡ್ ಎಲ್ಲ ಹಾಕಿ ಕುದಿಸೋದು, ಆ ಹೆಸರಿನ ಅರ್ಥವೇ ಮತ್ತೆ ಕುದಿಸಿದ್ದು ಅಂತ, ನಮ್ಮಲ್ಲಿ ನಿನ್ನೆ ಮಾಡಿದ ಬಸ್ಸಾರು ಇವತ್ತು ಕಾಯಿಸಿದ್ರೆ ರುಚಿ ಏರತ್ತಲ್ಲ, ಹಂಗೇ. ಟೊಮೇಟೊ, ಬ್ರೆಡ್ಡಿಂದ ಮಾಡೋ ಪಾಪ್ಪಾ ಅಲ್ ಪೊಮೊದೋರೋ ಕೂಡ ಒಳ್ಳೇದು. ಕೆಲವು ಕಡೆ ಮಾಂಸ ಬೇಯಿಸಿದ ನೀರು ಹಾಕ್ತಾರೆ, ಅದಕ್ಕೆ "ಸೆಂಜಾ ಕಾರ್ನೆ, ಸೆಂಜಾ ಬ್ರೋದೋ ದಿ ಕಾರ್ನೆ" ಅಂತ ಕೇಳಿ, ಮಾಂಸ ಬೇಡ, ಮಾಂಸದ ಸಾರೂ ಬೇಡ ಅಂತರ್ಥ. ಪಾರ್ಮೆಜಾನ್ ಚೀಸಿಗೆ ಹಾಲು ಒಡೆಸೋಕೆ ಕರುವಿನ ಹೊಟ್ಟೆಯ ಅಂಶ ಹಾಕ್ತಾರೆ, ನೀವು ಪಕ್ಕಾ ಅಂದಿದ್ದಕ್ಕೆ ಹೇಳಿದೆ. ಬೀದಿ ಗಾಡೀಲಿ ಲಾಂಪ್ರೆದೊತ್ತೋ ಅಂತ ಬೋರ್ಡ್ ಇದ್ರೆ ದೂರ ಇರಿ, ಅದು ದನದ ಹೊಟ್ಟೆ. ಅಲ್ಲಿನ ಬ್ರೆಡ್ಡಿಗೆ ಉಪ್ಪೇ ಹಾಕಲ್ಲ, ಕೆಟ್ಟೋಗಿದೆ ಅಂದ್ಕೋಬೇಡಿ. ನಿಮ್ಮ ಚಟ್ನಿಪುಡಿ ಆಗ ಕೆಲಸಕ್ಕೆ ಬರತ್ತೆ.

ಕೊಲ್ಲಾಪುರದ ಮಹಾರಾಜರ ಸ್ಮಾರಕ ಅಲ್ಲಿದೆ ಅಂತ ನಮ್ಮಜ್ಜ ಹೇಳ್ತಿದ್ರು. ಖರೇನಾ? (ಓದುಗರು, ಬೆಳಗಾವಿ)

ಖರೇನೇ. ಈ ಪ್ರಶ್ನೆ ಯಾರಾದ್ರೂ ಕೇಳ್ಲಿ ಅಂತ ನಾನು ಕಾಯ್ತಾ ಇದ್ದೆ. ಕೊಲ್ಲಾಪುರದ ಎರಡನೇ ರಾಜಾರಾಮ ಮಹಾರಾಜರು 1870ರಲ್ಲಿ ಇಂಗ್ಲೆಂಡಿಗೆ ಹೋಗಿ ವಾಪಸ್ ಬರುವಾಗ ಕಾಯಿಲೆ ಬಿದ್ರು, ನವೆಂಬರ್ 30ಕ್ಕೆ ಫ್ಲಾರೆನ್ಸಲ್ಲೇ ತೀರಿಕೊಂಡ್ರು. ಇಪ್ಪತ್ತರ ಆಸುಪಾಸಿನ ಹುಡುಗ. ಆಗ ಇಟಲಿಯ ರಾಜಧಾನಿ ಫ್ಲಾರೆನ್ಸೇ. ಹೆಣ ಸುಡೋದು ಅಲ್ಲಿ ರೂಢಿಯಲ್ಲಿಲ್ಲದ ಪದ್ಧತಿ, ಆದ್ರೂ ಅನುಮತಿ ಕೊಟ್ರು. ಜೊತೆಗಿದ್ದೋರು ನಮ್ಮೋರು ಹುಡುಕೋ ಹಾಗೇ ಸಂಗಮ ಹುಡುಕಿದ್ರು, ಆರ್ನೋಗೆ ಮುನ್ಯೋನೆ ಅನ್ನೋ ಸಣ್ಣ ನದಿ ಬಂದು ಸೇರೋ ಜಾಗದಲ್ಲಿ ಸಂಸ್ಕಾರ ಮಾಡಿದ್ರು. 1874ರಲ್ಲಿ ಅಲ್ಲೇ ಸ್ಮಾರಕ ಕಟ್ಟಿದ್ರು, ನಮ್ಮ ಕಡೆ ಛತ್ರಿಗಳ ಥರ ನಾಲ್ಕು ಕಂಬದ ಮಂಟಪ, ಒಳಗೆ ಪೇಟ ತೊಟ್ಟ ಮಹಾರಾಜರ ಬಣ್ಣ ಹಚ್ಚಿದ ಎದೆಮಟ್ಟದ ಮೂರ್ತಿ. ಮಂಟಪದ ನಕ್ಷೆ ಮಾಡಿದ ಚಾರ್ಲ್ಸ್ ಮ್ಯಾಂಟ್ ಅನ್ನೋರೇ ಆಮೇಲೆ ಕೊಲ್ಲಾಪುರದ ಹೊಸ ಅರಮನೆ ನಕ್ಷೆನೂ ಮಾಡಿದ್ದು, ಅದನ್ನ ನೀವು ನೋಡಿರ್ತೀರಿ.

ಹೋಗೋದು ಹೇಗೆ ಅಂದ್ರೆ, ಕಾಶಿನೆ ಅನ್ನೋ ಪಾರ್ಕಿಗೆ ಟ್ರಾಮ್ ಇದೆ, ಇಳಿದ್ಮೇಲೆ ನದಿ ದಂಡೆ ಹಿಡ್ಕೊಂಡು ಪಶ್ಚಿಮದ ತುದಿ ತನಕ ನಡೀಬೇಕು, ಸುಮಾರು ದೂರ ಇದೆ, ನೀರು ಇಟ್ಕೊಳ್ಳಿ, ಕತ್ತಲಾಗೋ ಮುಂಚೆ ವಾಪಸ್ ಬನ್ನಿ. ದಾರಿ ತಪ್ಪಿದ್ರೆ "ಇಂಡಿಯಾನೋ" ಅಂತ ಕೇಳಿ, ಯಾರಾದ್ರೂ ಕೈ ತೋರಿಸ್ತಾರೆ. ಪಕ್ಕದಲ್ಲೇ ನದಿ ದಾಟೋ ದೊಡ್ಡ ಸೇತುವೆಗೂ ಮಹಾರಾಜರ ನೆನಪಿಂದ್ಲೇ ಪೊಂತೆ ಅಲ್ ಇಂಡಿಯಾನೋ ಅಂತ ಹೆಸರು.