ಲೆಕ್ಕದ ಪ್ರಶ್ನೋತ್ತರ: ಶಿವಮೊಗ್ಗದ ಪಿನ್ ಕೋಡ್ ಅವಿಭಾಜ್ಯವೇ?

ಪ್ರಶ್ನೆ: ಶಿವಮೊಗ್ಗದ ಪಿನ್ ಕೋಡ್ 577201. ಇದು 2, 3, 5, 7, 11, 13 ಯಾವುದರಿಂದಲೂ ಭಾಗವಾಗಲಿಲ್ಲ. ಹಾಗಾದರೆ ಅವಿಭಾಜ್ಯವೇ? ಎಲ್ಲಿಯವರೆಗೆ ಭಾಗಿಸಿ ನೋಡಬೇಕು?
– ಓದುಗರು, ತೀರ್ಥಹಳ್ಳಿ

ಉತ್ತರ: ಅಲ್ಲ. ಒಂದೇ ಹೆಜ್ಜೆ ಮೊದಲು ನಿಲ್ಲಿಸಿಬಿಟ್ಟಿದ್ದೀರಿ. ಮುಂದಿನ 17ರಿಂದ ಶೇಷವಿಲ್ಲದೆ ಭಾಗವಾಗುತ್ತದೆ.

ಭಾಜಕಗಳು ಜೋಡಿಯಾಗಿ ಬರುತ್ತವೆ. 760ರ ವರ್ಗ 577600, ಅಂದರೆ ನಮ್ಮ ಸಂಖ್ಯೆಗಿಂತ ದೊಡ್ಡದು. ಹಾಗಾಗಿ ಜೋಡಿಯಲ್ಲಿ ಒಂದಾದರೂ 760ಕ್ಕಿಂತ ಚಿಕ್ಕದಿರಲೇಬೇಕು. 757ರವರೆಗಿನ 134 ಅವಿಭಾಜ್ಯಗಳನ್ನು ನೋಡಿದರೆ ಸಾಕು. (ಹತ್ತು ಅಂಕಿಯ ಮೊಬೈಲ್ ನಂಬರಿಗೆ ಈ ದಾರಿ ಹಿಡಿದರೆ ಸಾವಿರಾರು ಅವಿಭಾಜ್ಯಗಳು ಬೇಕಾದಾವು!)

7, 11, 13ಕ್ಕೆ ಮೂರು ಸಲ ಭಾಗಿಸಬೇಕಿಲ್ಲ. ಅವುಗಳ ಗುಣಲಬ್ಧ 1001. ಆದ್ದರಿಂದ 577ರಲ್ಲಿ 201 ಕಳೆದು, ಬಂದ 376 ಅನ್ನು ಪರೀಕ್ಷಿಸಿ. ಮೂರರಿಂದಲೂ ಅದು ಭಾಗವಾಗದು.

17ಕ್ಕೆ: ಬಿಡಿ ಸ್ಥಾನದ ಅಂಕಿಯನ್ನು ತೆಗೆದು, ಅದರ ಐದರಷ್ಟನ್ನು ಉಳಿದ ಸಂಖ್ಯೆಯಿಂದ ಕಳೆಯಿರಿ. 57720−5=57715, 5771−25=5746, 574−30=544, 54−20=34. ಇದು 17ರ ಎರಡರಷ್ಟು. 19ಕ್ಕೆ ಎರಡರಷ್ಟನ್ನು ಕೂಡಬೇಕು: 57722, 5776, 589, 76. ಇದು 19ರ ನಾಲ್ಕರಷ್ಟು. ಬಹಳ ಜನ ಎಡವುವುದು ಇಲ್ಲೇ, ಕೂಡುವಲ್ಲಿ ಕಳೆದು, ಕಳೆಯುವಲ್ಲಿ ಕೂಡಿ. 51 ಎಂಬುದು 17ರ ಮಗ್ಗಿಯಲ್ಲಿದೆ, ಅದಕ್ಕೇ ಐದರಷ್ಟು ಕಳೆಯುವುದು ಎಂದು ನೆನಪಿಟ್ಟರೆ ತಪ್ಪದು. ಇನ್ನೊಂದು ಮಾತು: ಭಾಗವಾಗದಿದ್ದಾಗ ಕೊನೆಯಲ್ಲಿ ಸಿಗುವ ಶೇಷ ಮೂಲ ಸಂಖ್ಯೆಯ ಶೇಷವೇ ಆಗಿರಬೇಕೆಂದಿಲ್ಲ.

ಭಾಜಕ ಸಿಕ್ಕ ಮೇಲೂ 757ರವರೆಗೆ ಹೋಗುವುದು ವ್ಯರ್ಥ ಶ್ರಮ. 17ರಿಂದ ಭಾಗಿಸಿದರೆ 33953. ಈಗ ಗಡಿ 184. ಅದನ್ನು 19ರಿಂದ ಭಾಗಿಸಿದರೆ 1787. ಗಡಿ 42ಕ್ಕೆ ಇಳಿಯಿತು. 17, 19 ಮತ್ತೊಮ್ಮೆ ಹೋಗುವುದಿಲ್ಲ, ಕ್ರಮವಾಗಿ 2, 1 ಉಳಿಯುತ್ತವೆ. 23, 29, 31, 37, 41ರಿಂದ ಕ್ರಮವಾಗಿ 16, 18, 20, 11, 24 ಉಳಿಯುತ್ತವೆ. ಆದ್ದರಿಂದ 1787 ಅವಿಭಾಜ್ಯ.

577201 = 17 × 19 × 1787.

17, 19 ಅವಳಿ ಅವಿಭಾಜ್ಯಗಳು, ಅಂದರೆ ಎರಡರ ಅಂತರದಲ್ಲಿರುವ ಅವಿಭಾಜ್ಯಗಳು. 1787ಕ್ಕೂ 1789 ಎಂಬ ಅವಳಿ ಉಂಟು.

ಪ್ರಶ್ನೆ: 4ರಿಂದ ಭಾಗಿಸಿದಾಗ 1 ಉಳಿದರೆ ಆ ಸಂಖ್ಯೆ ಎರಡು ವರ್ಗಗಳ ಮೊತ್ತ ಎಂದು ಓದಿದ್ದೆ. 577201ಕ್ಕೆ ಎಷ್ಟು ಹುಡುಕಿದರೂ ಸಿಗುತ್ತಿಲ್ಲ.
– ಓದುಗರು, ಸಾಗರ

ಉತ್ತರ: ಸಿಗುವುದೂ ಇಲ್ಲ. ಆ ನಿಯಮ ಅವಿಭಾಜ್ಯಗಳಿಗೆ ಮಾತ್ರ. 21ಕ್ಕೂ 1 ಉಳಿಯುತ್ತದೆ, ಆದರೂ ಅದು ಎರಡು ವರ್ಗಗಳ ಮೊತ್ತವಲ್ಲ. 4ರಿಂದ ಭಾಗಿಸಿದಾಗ 3 ಉಳಿಯುವ ಪ್ರತಿ ಅವಿಭಾಜ್ಯ ಅಪವರ್ತನವೂ ಸಮಸಂಖ್ಯೆಯ ಬಾರಿ ಬಂದಿರಬೇಕು. ಇಲ್ಲಿ 19 ಮತ್ತು 1787 ಎರಡಕ್ಕೂ 3 ಉಳಿಯುತ್ತದೆ, ಎರಡೂ ಒಂದೊಂದೇ ಬಾರಿ ಬಂದಿವೆ. ಗುಣಿಸಿದಾಗ ಆ 3, 3 ಸೇರಿ 9 ಆಗಿ, ಶೇಷ 1 ಎಂದು ತೋರಿ ದಾರಿ ತಪ್ಪಿಸುತ್ತದೆ.

ವರ್ಗಗಳ ವ್ಯತ್ಯಾಸವಾಗಿ ಮಾತ್ರ ಸಲೀಸಾಗಿ ಬರೆಯಬಹುದು. 17×19=323. 1787 ಮತ್ತು 323ರ ಮೊತ್ತದ ಅರ್ಧ 1055, ವ್ಯತ್ಯಾಸದ ಅರ್ಧ 732. ಅವುಗಳ ವರ್ಗಗಳು 1113025 ಮತ್ತು 535824, ಕಳೆದು ನೋಡಿ. ಭಾಜಕಗಳ ಜೋಡಿ ನಾಲ್ಕಿರುವುದರಿಂದ ಇಂಥ ಇನ್ನೂ ಮೂರು ಉತ್ತರಗಳಿವೆ.